ಮರುಕಳಿಸುವ ಚಳಿಜ್ವರ: ಬೆಳೆಗಾರರು ತಿಳಿದಿರಬೇಕಾದ ಸಂಗತಿ



ಗೊನೆ ನೋಡಿಯೇ ಮರದ ರೋಗ ಹೇಳುವ ನಾವು ಮನುಷ್ಯರ ಜ್ವರವನ್ನು ಮಾತ್ರ "ಮಾಮೂಲಿ ಚಳಿಜ್ವರ" ಎಂದು ತಳ್ಳಿಬಿಡುತ್ತೇವೆ. ಹಾಗೆ ತಳ್ಳಿ ನಾನೂ ಒಮ್ಮೆ ಪಾಠ ಕಲಿತೆ. ಮಂಗಳೂರಿನ ಕಟ್ಟಡ ಕೆಲಸದಿಂದ ಮರಳಿದ ಹುಡುಗನೊಬ್ಬ ನನ್ನ ತೋಟಕ್ಕೆ ಬಂದಿದ್ದ. ವೈವಾಕ್ಸ್ ಮಲೇರಿಯಾಕ್ಕೆ ಮಾತ್ರೆ ನುಂಗುತ್ತಿದ್ದ. ಮೂರು ದಿನಕ್ಕೆ ಜ್ವರ ಬಿಟ್ಟಿತು. "ಇನ್ನೇಕಯ್ಯಾ ಮಾತ್ರೆ?" ಎಂದವನು ನಾನೇ. ಎರಡು ತಿಂಗಳಲ್ಲಿ ಜ್ವರ ಮತ್ತೆ ಬಂತು. ಕಣ್ಣು ಹಳದಿಯಾಯಿತು, ಮೂತ್ರ ತಗ್ಗಿತು. ಆಸ್ಪತ್ರೆಗೆ ಸೇರಿಸಿದ್ದರಿಂದ ಉಳಿದ.

ಅನಾಫಿಲಿಸ್ ಜಾತಿಯ ಹೆಣ್ಣು ಸೊಳ್ಳೆ ಕಚ್ಚಿದ ಸುಮಾರು ಎರಡು ವಾರಕ್ಕೆ ರೋಗ ಕಾಣಿಸುತ್ತದೆ. ಮೊದಲು ನಡುಗುವ ಚಳಿ, ಆಮೇಲೆ ಸುಡುವ ಜ್ವರ, ಕೊನೆಗೆ ಬೆವರು. ಆರಂಭದಲ್ಲಿ ದಿನವೂ, ಬಳಿಕ ದಿನ ಬಿಟ್ಟು ದಿನ ಬರಬಹುದು. ತಲೆನೋವು, ವಾಂತಿ, ಮೈಕೈ ನೋವು ಇರುತ್ತವೆ, ಗುಲ್ಮ ಊದಬಹುದು. ರೋಗಾಣುಗಳಲ್ಲಿ ಕೆಲವು ಯಕೃತ್ತಿನಲ್ಲಿ ಅಡಗಿ ನಿದ್ರಿಸುತ್ತವೆ. ವಾರಗಳೋ ತಿಂಗಳುಗಳೋ ಕಳೆದು ಅವು ಎದ್ದಾಗ, ಹೊಸದಾಗಿ ಸೊಳ್ಳೆ ಕಚ್ಚದಿದ್ದರೂ ಜ್ವರ ಮರುಕಳಿಸುತ್ತದೆ.

ಹಳೆಯ ವೈದ್ಯಗ್ರಂಥಗಳು ಇದನ್ನು ಸೌಮ್ಯ ರೋಗವೆಂದವು. ಆದರೆ 2005ರಲ್ಲಿ ರಾಜಸ್ಥಾನದ ಬಿಕಾನೇರಿನ ವೈದ್ಯರು ವೈವಾಕ್ಸ್‌ನಿಂದಲೇ ಉಲ್ಬಣಗೊಂಡ ರೋಗಿಗಳ ವರದಿ ಪ್ರಕಟಿಸಿದರು. 1990ರಿಂದ ಮಲೇರಿಯಾ ಹಬ್ಬಿದ ಮಂಗಳೂರಿನ ಆಸ್ಪತ್ರೆಗಳಲ್ಲೂ ಅಂಥವರು ಕಂಡುಬಂದರು.

ಈ ಲಕ್ಷಣ ಕಂಡರೆ ತಡಮಾಡದೆ ದೊಡ್ಡಾಸ್ಪತ್ರೆಗೆ ಒಯ್ಯಿರಿ:

1. ಮಂಪರು, ತಪ್ಪುಮಾತು, ಸೆಳೆತ
2. ಉಸಿರಾಟದ ಕಷ್ಟ
3. ಕಾಮಾಲೆ, ಮೂತ್ರ ತಗ್ಗುವುದು
4. ಮೈ ಬಿಳುಚಿ ತೀರಾ ನಿತ್ರಾಣ
5. ಒಸಡು, ಮೂಗಿನಲ್ಲಿ ರಕ್ತ
6. ನಿಲ್ಲದ ವಾಂತಿ

ಗರ್ಭಿಣಿಯರು, ಎಳೆಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು.

ಚಿಕಿತ್ಸೆ ಎರಡು ಹಂತದ್ದು. ಕ್ಲೋರೋಕ್ವಿನ್ 3 ದಿನ ರಕ್ತದಲ್ಲಿರುವ ರೋಗಾಣುವಿಗೆ. ಪ್ರೈಮಾಕ್ವಿನ್ 14 ದಿನ ಅಡಗಿರುವುದಕ್ಕೆ. ಎರಡನೆಯದನ್ನು ಗರ್ಭಿಣಿಯರಿಗೂ ವರ್ಷ ತುಂಬದ ಮಕ್ಕಳಿಗೂ ಕೊಡಕೂಡದು. ಕೆಲವರ ಮೈಗೆ ಅದು ಒಗ್ಗುವುದಿಲ್ಲ. ಮೂತ್ರ ಕಪ್ಪಾದರೆ ಮಾತ್ರೆ ನಿಲ್ಲಿಸಿ ಕೂಡಲೇ ವೈದ್ಯರನ್ನು ಕಾಣಬೇಕು. ವೈದ್ಯರು ಹೇಳದೆ ಯಾವುದನ್ನೂ ನುಂಗಬೇಡಿ.

ಸಿದ್ದರಬೆಟ್ಟದ ಮೂಲಿಕೆಗಳ ಮೇಲೆ ನಮಗೆಲ್ಲ ಗೌರವವಿದೆ. ಆದರೆ ಕಷಾಯ ಕುಡಿಸುತ್ತ ದಿನ ಕಳೆಯಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತಪರೀಕ್ಷೆಯೂ ಮಾತ್ರೆಯೂ ಉಚಿತ. ಹೊರ ಊರಿಂದ ಬಂದವರಿಗೆ ಜ್ವರವಿದ್ದರೆ ಅಂದೇ ಪರೀಕ್ಷೆ ಮಾಡಿಸಿ. ಶೆಡ್ಡಿನಲ್ಲಿ ಮಲಗುವವರಿಗೆ ಸೊಳ್ಳೆಪರದೆ ಕೊಡಿ. ಬಾವಿ, ಕೃಷಿಹೊಂಡಗಳಿಗೆ ಮೀನು ಬಿಡುವ ಬಗ್ಗೆ ಆರೋಗ್ಯ ಸಹಾಯಕರನ್ನು ಕೇಳಿ.

ಜ್ವರ ಬಿಟ್ಟಿತೆಂದು ರೋಗ ಬಿಟ್ಟಿತೆಂದಲ್ಲ. ಹದಿನಾಲ್ಕನೆಯ ದಿನದ ಮಾತ್ರೆ ನುಂಗುವವರೆಗೂ ಲೆಕ್ಕವಿಡುವುದು ತೋಟದ ಯಜಮಾನನ ಕೆಲಸವೂ ಹೌದು.

— ಕಾರ್ಯದರ್ಶಿ