ಪ್ರಯೋಗಕ್ಕೆ ಬೇರೆ ಬ್ರಾಂಚ್

ನಮ್ಮ ತಂಡದ ಪೈಥಾನ್ ಪ್ರಾಜೆಕ್ಟ್‌ನಲ್ಲಿ ಚಕ್ರಬಡ್ಡಿಯ ಹೊಸ ಲೆಕ್ಕವನ್ನು ಪರೀಕ್ಷಿಸದೆ ನೇರವಾಗಿ ಮೇನ್ ಬ್ರಾಂಚ್‌ಗೇ ಸೇರಿಸಿದೆ. ಮರುದಿನ ಲ್ಯಾಬ್‌ನಲ್ಲಿ ಗೆಳತಿಯ ಬಿಲ್ ಪ್ರೋಗ್ರಾಂ ಓಡಲಿಲ್ಲ. ತಪ್ಪು ನನ್ನದು, ಬೈಸಿಕೊಂಡವಳು ಅವಳು.

ಲೀನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕೆಲಸಕ್ಕಾಗಿ ರಚಿಸಿದ ಗಿಟ್‌ನಲ್ಲಿ ಇದಕ್ಕೆ ದಾರಿಯಿದೆ.

1. ಪ್ರತಿ ಪ್ರಯೋಗಕ್ಕೂ ಬೇರೆ ಬ್ರಾಂಚ್ ತೆರೆಯಿರಿ. ಹೆಸರಿನಲ್ಲೇ ಉದ್ದೇಶ ತಿಳಿಯಲಿ.

2. ಜರ್ನಲ್ ಎಂಟ್ರಿಯ ಕೆಳಗೆ ನರೇಷನ್ ಬರೆಯುವಂತೆ, ಪ್ರತಿ ಕಮಿಟ್‌ಗೂ ಒಂದು ಸಾಲಿನ ವಿವರಣೆ ಬರೆಯಿರಿ.

3. ಓಡಿಸಿ ನೋಡಿ, ಇನ್ನೊಬ್ಬರಿಗೂ ತೋರಿಸಿದ ಮೇಲಷ್ಟೇ ಮೇನ್‌ಗೆ ಮರ್ಜ್ ಮಾಡಿ.

4. ತಪ್ಪು ಮೇನ್‌ಗೆ ಸೇರಿಬಿಟ್ಟಿದ್ದರೆ ‘ಗಿಟ್ ರಿವರ್ಟ್’ ಬಳಸಿ. ಅಕೌಂಟೆನ್ಸಿಯಲ್ಲಿ ತಪ್ಪು ಎಂಟ್ರಿಯನ್ನು ಅಳಿಸದೆ ತಿದ್ದುಪಡಿ ಎಂಟ್ರಿ ಹಾಕುವಂತೆಯೇ ಇದು: ತಪ್ಪೂ ಉಳಿಯುತ್ತದೆ, ತಿದ್ದಿದ್ದೂ ಕಾಣುತ್ತದೆ.

ನಾನೂ ರಿವರ್ಟ್ ಮಾಡಿದೆ, ಗೆಳತಿಯ ಕ್ಷಮೆ ಕೇಳಿದೆ. ಚಕ್ರಬಡ್ಡಿ ಈಗ ತನ್ನದೇ ಬ್ರಾಂಚ್‌ನಲ್ಲಿದೆ.