ಹಲವು ಕೈಗಳು, ಒಂದು ಬರಹ

ಪ್ರಯೋಗಶಾಲೆಯಲ್ಲಿ ಲೋಲಕದ ಪ್ರಯೋಗವನ್ನು ಮಾಡುವ ವಿದ್ಯಾರ್ಥಿಗಳಿಗೆ ಮೊದಲ ದಿನವೇ ಒಂದು ನಿಯಮವನ್ನು ಹೇಳುವುದುಂಟು: ತಪ್ಪಾದ ಅಳತೆಯನ್ನು ರಬ್ಬರಿನಿಂದ ಅಳಿಸಬಾರದು, ಅದರ ಮೇಲೆ ಒಂದು ಗೆರೆಯೆಳೆದು, ಸರಿಯಾದುದನ್ನು ಪಕ್ಕದಲ್ಲಿ ಬರೆಯಬೇಕು. ಇಪ್ಪತ್ತು ಆಂದೋಲನಗಳ ಬದಲು ಹತ್ತೊಂಬತ್ತನ್ನು ಎಣಿಸಿದ್ದರೆ, ತಪ್ಪು ಎಲ್ಲಿ ನುಸುಳಿತೆಂಬುದಕ್ಕೆ ಆ ಹಳೆಯ ಅಂಕೆಯೇ ಸಾಕ್ಷಿ. ಅಳಿಸಿದ ಪುಟ ನೋಡಲು ಚೊಕ್ಕಟವಾಗಿರುತ್ತದೆ. ಆದರೆ ಕೇಳಿದ ಪ್ರಶ್ನೆಗೆ ಅದು ಉತ್ತರ ಕೊಡಲಾರದು.

ಗಣಕಯಂತ್ರಕ್ಕೆ ಕೊಡುವ ಆಜ್ಞೆಗಳ ಬರಹವೇ ತಂತ್ರಾಂಶ. ಅದನ್ನು ಬರೆಯುವವರಿಗೂ ಈ ನಿಯಮ ಅನ್ವಯಿಸುತ್ತದೆ. ಆದರೆ ಅವರ ಕಷ್ಟ ನಮ್ಮದಕ್ಕಿಂತ ದೊಡ್ಡದು. ಪ್ರಯೋಗದ ಪುಸ್ತಕದಲ್ಲಿ ಬರೆಯುವುದು ಒಂದೇ ಕೈ. ದೊಡ್ಡ ತಂತ್ರಾಂಶವನ್ನಾದರೋ, ಬೇರೆ ಬೇರೆ ದೇಶಗಳಲ್ಲಿರುವ ನೂರಾರು ಮಂದಿ ಏಕಕಾಲದಲ್ಲಿ ತಿದ್ದುತ್ತಿರುತ್ತಾರೆ. ಒಬ್ಬರ ತಿದ್ದುಪಡಿ ಮತ್ತೊಬ್ಬರದನ್ನು ಅಳಿಸಿಹಾಕದಂತೆ ನೋಡಿಕೊಳ್ಳುವುದು ಹೇಗೆ?

1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಅವರು ಆರಂಭಿಸಿದ ಲೈನಕ್ಸ್ ಇದಕ್ಕೆ ಒಳ್ಳೆಯ ನಿದರ್ಶನ. ಮೊದಮೊದಲು ಇತರರು ತಮ್ಮ ತಿದ್ದುಪಡಿಗಳನ್ನು ಮಿಂಚಂಚೆಯ ಮೂಲಕ ಕಳುಹಿಸುತ್ತಿದ್ದರು; ಟೋರ್ವಾಲ್ಡ್ಸ್ ಅವರು ಅವುಗಳನ್ನು ಆರಿಸಿ ಮೂಲ ಬರಹಕ್ಕೆ ಸೇರಿಸುತ್ತಿದ್ದರು. ಕೆಲಸ ಹೆಚ್ಚಿದಂತೆ ಈ ಕ್ರಮ ಸಾಲದಾಯಿತು. 2002ರಲ್ಲಿ ಅವರು ಬಿಟ್‌ಕೀಪರ್ ಎಂಬ ಖಾಸಗಿ ಸಾಧನವನ್ನು ಉಪಯೋಗಿಸತೊಡಗಿದರು. ಅದನ್ನು ಉಚಿತವಾಗಿ ಬಳಸಲು ಇದ್ದ ಅನುಮತಿ 2005ರಲ್ಲಿ ಹಿಂತೆಗೆಯಲ್ಪಟ್ಟಿತು. ಆಗ ಅವರು ಏಪ್ರಿಲ್ 3ರಂದು ಹೊಸ ಸಾಧನವೊಂದನ್ನು ಬರೆಯಲು ತೊಡಗಿದರು. ಏಪ್ರಿಲ್ 7ರ ವೇಳೆಗೆ ಅದು ತನ್ನದೇ ಇತಿಹಾಸವನ್ನು ದಾಖಲಿಸಲು ಸಮರ್ಥವಾಗಿತ್ತು. ಅದೇ ಗಿಟ್.

ಗಿಟ್‌ನಲ್ಲಿ ಪ್ರತಿಯೊಬ್ಬರ ಬಳಿಯೂ ಬರಹದ ಪ್ರತಿ ಮಾತ್ರವಲ್ಲ, ಅದರ ಇತಿಹಾಸವೂ ಇರುತ್ತದೆ. ಮಾಡಿದ ತಿದ್ದುಪಡಿಯನ್ನು ಯಾರು, ಎಂದು, ಏತಕ್ಕಾಗಿ ಎಂಬ ವಿವರಗಳೊಡನೆ ದಾಖಲಿಸುತ್ತಾರೆ. ಈ ದಾಖಲೆಗೆ ಕಮಿಟ್ ಎಂದು ಹೆಸರು. ಎರಡು ಪ್ರತಿಗಳನ್ನು ಕೂಡಿಸಬೇಕಾದಾಗ, ಅವೆರಡೂ ಕವಲೊಡೆದ ಹಿಂದಿನ ಸಮಾನ ಮೂಲವನ್ನು ಗಿಟ್ ಹುಡುಕಿ, ಯಾರು ಯಾವ ಸಾಲನ್ನು ಬದಲಿಸಿದ್ದಾರೆಂದು ಹೋಲಿಸುತ್ತದೆ. ದೂರದೂರದ ಸಾಲುಗಳಾದರೆ ಎರಡು ಬದಲಾವಣೆಗಳನ್ನೂ ಸ್ವೀಕರಿಸುತ್ತದೆ. ಒಂದೇ ಸಾಲನ್ನು ಇಬ್ಬರೂ ಬೇರೆ ಬೇರೆಯಾಗಿ ಬದಲಿಸಿದ್ದರೆ ಅಲ್ಲಿಯೇ ನಿಂತು, ನಿರ್ಣಯವನ್ನು ಮನುಷ್ಯರಿಗೆ ಬಿಡುತ್ತದೆ.

ಇಷ್ಟಾದರೆ ಕೆಲಸ ಮುಗಿಯಿತೆ? ಇಲ್ಲ. ಒಂದು ಉದಾಹರಣೆಯನ್ನು ನೋಡೋಣ. ಲೋಲಕದ ಆವರ್ತಕಾಲವನ್ನು ಲೆಕ್ಕಹಾಕುವ ಒಂದು ತಂತ್ರಾಂಶವಿದೆಯೆನ್ನಿ. ಉದ್ದವನ್ನು ಗುರುತ್ವ ವೇಗೋತ್ಕರ್ಷದಿಂದ ಭಾಗಿಸಿ, ಅದರ ವರ್ಗಮೂಲವನ್ನು 2π ಯಿಂದ ಗುಣಿಸಬೇಕು. ಮೂರನೆಯ ಸಾಲಿನಲ್ಲಿ ಉದ್ದವನ್ನು ಸೆಂಟಿಮೀಟರಿನಲ್ಲಿ 100 ಎಂದೂ, ಮೂವತ್ತನೆಯ ಸಾಲಿನಲ್ಲಿ ಗುರುತ್ವವನ್ನು ಮೀಟರಿನ ಮಾನದಲ್ಲಿ 9.8 ಎಂದೂ ಕೊಟ್ಟಿದೆ. ಮಾನಗಳು ಬೆರೆತುದರಿಂದ ಉತ್ತರ ಸುಮಾರು 20 ಸೆಕೆಂಡು ಬರುತ್ತದೆ; ಬರಬೇಕಾದುದು 2 ಸೆಕೆಂಡು. ರಾಮು ಇದನ್ನು ಗಮನಿಸಿ ಉದ್ದವನ್ನು 1 ಮೀಟರ್ ಎಂದು ತಿದ್ದುತ್ತಾನೆ. ಅದೇ ಹೊತ್ತಿಗೆ ಸರಳಾ ತನ್ನ ಪ್ರತಿಯಲ್ಲಿ ಗುರುತ್ವವನ್ನು ಸೆಂಟಿಮೀಟರ್ ಮಾನದ 980ಕ್ಕೆ ಬದಲಿಸುತ್ತಾಳೆ. ಇಬ್ಬರದೂ ಪ್ರತ್ಯೇಕವಾಗಿ ಸರಿ. ಸಾಲುಗಳು ಬೇರೆಯಾದುದರಿಂದ ಗಿಟ್ ಯಾವ ಆಕ್ಷೇಪಣೆಯನ್ನೂ ಎತ್ತದೆ ಎರಡನ್ನೂ ಕೂಡಿಸುತ್ತದೆ. ಈಗ ಉತ್ತರ 0.2 ಸೆಕೆಂಡು! ಎರಡು ಸರಿಗಳು ಸೇರಿ ಹೊಸದೊಂದು ತಪ್ಪಾಯಿತು. ಸಾಲುಗಳು ಕೂಡಿದುವು, ಅರ್ಥ ಕೂಡಲಿಲ್ಲ.

ಈ ಕಾರಣದಿಂದಲೇ ಕೂಡಿಸುವ ಸಾಧನದ ಜೊತೆಗೆ ಬೇರೆ ಕೆಲವು ಏರ್ಪಾಡುಗಳು ಬೆಳೆದುವು. ತಂತ್ರಾಂಶದ ಬಾಳಿನಲ್ಲಿ ಅಗತ್ಯಗಳ ನಿರ್ಣಯ, ವಿನ್ಯಾಸ, ಬರವಣಿಗೆ, ಪರೀಕ್ಷೆ, ಬಿಡುಗಡೆ, ನಿರ್ವಹಣೆ ಎಂಬ ಹಂತಗಳಿವೆ. ಕಂಡುಬಂದ ದೋಷಗಳನ್ನು ಎಲ್ಲರೂ ನೋಡುವಂತೆ ಒಂದೆಡೆ ಪಟ್ಟಿಮಾಡುತ್ತಾರೆ. ತಿದ್ದುಪಡಿಯನ್ನು ಸೇರಿಸುವ ಮುನ್ನ ಮತ್ತೊಬ್ಬರು ಓದಿ ಒಪ್ಪಬೇಕು. ಪ್ರತಿ ಸೇರ್ಪಡೆಯಾದಾಗಲೂ ಯಂತ್ರವೇ ಪರೀಕ್ಷೆಗಳನ್ನು ನಡೆಸುತ್ತದೆ. ‘ಒಂದು ಮೀಟರ್ ಲೋಲಕಕ್ಕೆ ಉತ್ತರ ಸುಮಾರು 2 ಸೆಕೆಂಡು ಬರಲೇಬೇಕು’ ಎಂಬ ಒಂದೇ ಪರೀಕ್ಷೆಯಿದ್ದಿದ್ದರೆ, ಮೇಲಿನ ತಪ್ಪು ಆ ಕ್ಷಣವೇ ಸಿಕ್ಕಿಬೀಳುತ್ತಿತ್ತು.

ತಪ್ಪು ಬಹುಕಾಲದ ಮೇಲೆ ಬೆಳಕಿಗೆ ಬಂದರೂ ಇತಿಹಾಸ ನೆರವಾಗುತ್ತದೆ. ಸರಿಯಾಗಿದ್ದ ದಿನಕ್ಕೂ ಇಂದಿಗೂ ನಡುವೆ 1024 ತಿದ್ದುಪಡಿಗಳು ನಡೆದಿವೆಯೆನ್ನೋಣ. ಮಧ್ಯದ ಒಂದನ್ನು ಪರೀಕ್ಷಿಸಿದರೆ ತಪ್ಪು ಅದಕ್ಕಿಂತ ಮುಂಚಿನದೋ ಅನಂತರದ್ದೋ ತಿಳಿಯುವುದು, ಉಳಿಯುವುವು 512. ಹೀಗೆ ಅರ್ಧರ್ಧವಾಗಿ ಕತ್ತರಿಸುತ್ತ ಹೋದರೆ ಹತ್ತು ಪರೀಕ್ಷೆಗಳಲ್ಲಿ ಅಪರಾಧಿ ಸಾಲು ಸೇರಿದ ತಿದ್ದುಪಡಿ ಕೈಗೆ ಸಿಗುತ್ತದೆ. ಗಿಟ್‌ನಲ್ಲಿ ಇದಕ್ಕೆ ಬೈಸೆಕ್ಟ್ ಎಂಬ ಆಜ್ಞೆಯೇ ಇದೆ. ಅಳಿಸಿ ಬರೆದ ಪುಸ್ತಕದಲ್ಲಿ ಈ ಹುಡುಕಾಟ ಸಾಧ್ಯವೇ ಇಲ್ಲ.

ಆದರೆ ದಾಖಲೆಯನ್ನು ಇಟ್ಟ ಮಾತ್ರಕ್ಕೆ ಕಾವಲು ಇದ್ದಂತಾಗಲಿಲ್ಲ. ಕಡತಗಳನ್ನು ಕಿರಿದುಗೊಳಿಸುವ ಎಕ್ಸ್‌ಜೆಡ್ ಎಂಬ ತಂತ್ರಾಂಶವು ಅನೇಕ ಲೈನಕ್ಸ್ ಯಂತ್ರಗಳಲ್ಲಿ ಬಳಕೆಯಲ್ಲಿದೆ. ವರ್ಷಗಟ್ಟಲೆ ಸಹಾಯಮಾಡಿ ನಂಬಿಕೆಯನ್ನು ಗಳಿಸಿದ ಅಜ್ಞಾತ ವ್ಯಕ್ತಿಯೊಬ್ಬ ಅದರಲ್ಲಿ ಒಂದು ಕಳ್ಳಬಾಗಿಲನ್ನಿಟ್ಟ. ಅದರ ಒಂದು ಭಾಗ ಪರೀಕ್ಷೆಯ ಕಡತಗಳ ವೇಷದಲ್ಲಿ ಎಲ್ಲರ ಕಣ್ಣೆದುರಿಗೇ ದಾಖಲೆಯಲ್ಲಿತ್ತು. ಅದನ್ನು ಜಾಗೃತಗೊಳಿಸುವ ಭಾಗವಾದರೋ ಗಿಟ್‌ನ ದಾಖಲೆಯಲ್ಲಿರಲಿಲ್ಲ. ಬಿಡುಗಡೆಯ ಕಟ್ಟಿನಲ್ಲಿ ಮಾತ್ರ ಇತ್ತು. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಇದನ್ನು ಬಯಲುಮಾಡಿದರು. ಅವರಿಗೆ ದೊರೆತ ಸುಳಿವೇನು? ದೂರದ ಯಂತ್ರವನ್ನು ಪ್ರವೇಶಿಸಲು ಎಂದಿಗಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿತ್ತು. ಅಳತೆಯಲ್ಲಿ ಕಂಡ ಆ ಅಲ್ಪ ವ್ಯತ್ಯಾಸವನ್ನು ಅವರು ಉಪೇಕ್ಷಿಸಲಿಲ್ಲ.

ವಿದ್ಯಾರ್ಥಿಗಳು ಇದರಿಂದ ತಿಳಿಯಬೇಕಾದುದು ಇಷ್ಟು: ಇಂಥ ಸಾಧನಗಳು ಏನನ್ನೂ ಮರೆಯದಂತೆ ನೋಡಿಕೊಳ್ಳುತ್ತವೆ, ನೆನಪಿನಲ್ಲಿರುವುದನ್ನು ಓದಿ ವಿಚಾರಿಸುವ ಭಾರ ನಮ್ಮದೇ. ಗಿಟ್ ಎಲ್ಲರಿಗೂ ಉಚಿತವಾಗಿ ದೊರೆಯುತ್ತದೆ. ಇಬ್ಬರು ಗೆಳೆಯರು ಕೂಡಿ ಮೇಲಿನ ಲೋಲಕದ ತಂತ್ರಾಂಶವನ್ನು ಬರೆದು, ರಾಮು ಮತ್ತು ಸರಳಾ ಮಾಡಿದಂತೆಯೇ ತಿದ್ದಿ, ಕೂಡಿಸಿ ನೋಡಿರಿ. ಯಂತ್ರ ಸದ್ದಿಲ್ಲದೆ ಒಪ್ಪಿಕೊಳ್ಳುವ ಆ 0.2 ಸೆಕೆಂಡನ್ನು ಒಮ್ಮೆ ಕಣ್ಣಾರೆ ಕಂಡವರು, ಮುಂದೆ ತಮ್ಮ ಪ್ರತಿಯೊಂದು ತಿದ್ದುಪಡಿಗೂ ಕಾರಣವನ್ನು ಬರೆಯದೆ ಬಿಡಲಾರರು.