ಹಾಜರಿ ಯಂತ್ರದ ಮುಂದಿನ ಜಗಳ

ಕಾರ್ಖಾನೆಯೊಳಗೆ ಹೊಡೆದಾಡಿ ಕೆಲಸ ಕಳೆದುಕೊಂಡವರ ಹಲವು ವ್ಯಾಜ್ಯಗಳಲ್ಲಿ ನಾನು 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 10ಎ ಕಲಮಿನಡಿ ಮಧ್ಯಸ್ಥಗಾರನಾಗಿ ಕೂತಿದ್ದೇನೆ. ಹೆಚ್ಚು ಕಲಿಸಿದ್ದು ಪೀಣ್ಯದ ಒಂದು ಪ್ರಕರಣ. ಹದಿನೇಳು ವರ್ಷ ದುಡಿದ ಟರ್ನರ್ ಒಬ್ಬರು ಶಿಫ್ಟ್ ಬದಲಾಗುವ ಹೊತ್ತಿನಲ್ಲಿ, ಹಾಜರಿ ಯಂತ್ರದ ಮುಂದೆ, ಜೊತೆಯ ಕೆಲಸಗಾರನ ಮುಖಕ್ಕೆ ಗುದ್ದಿದ್ದರು.

1. ಜಗಳದ ಕಥೆಗಿಂತ ಮೊದಲು ವಿಚಾರಣೆಯ ಕಡತ ಓದಬೇಕು. ಆಡಳಿತ ವರ್ಗ ನಡೆಸಿದ ವಿಚಾರಣೆ ನ್ಯಾಯವಾಗಿದ್ದರೆ ಆ ದಾಖಲೆಯೇ ಗಡಿ, ಹೊಸ ಸಾಕ್ಷ್ಯಕ್ಕೆ ಎಡೆಯಿಲ್ಲ. ವಿಚಾರಣೆ ಕೆಟ್ಟಿದ್ದರೆ ಆಡಳಿತ ನಮ್ಮೆದುರು ಮೊದಲಿನಿಂದ ರುಜುವಾತು ಮಾಡಬೇಕು. ಇಲ್ಲಿ ನಡವಳಿಯೆಲ್ಲ ಇಂಗ್ಲಿಷಿನಲ್ಲಿತ್ತು. ಏಳನೇ ತರಗತಿವರೆಗೆ ಕನ್ನಡದಲ್ಲಿ ಓದಿದವರಿಂದ ಪುಟಪುಟಕ್ಕೂ ಸಹಿ ಹಾಕಿಸಿದ್ದರು. 'ಪಾಟಿ ಸವಾಲು ಇಲ್ಲ' ಎಂಬ ಸಾಲಿನ ಕೆಳಗೂ ಅವರದೇ ಕನ್ನಡ ಸಹಿ. ಹಾಗೆಂದರೇನೆಂದು ಯಾರೂ ಅವರಿಗೆ ಬಿಡಿಸಿ ಹೇಳಿರಲಿಲ್ಲ. ಆ ವಿಚಾರಣೆಯನ್ನು ಬದಿಗಿಟ್ಟೆ.

2. ಜಾಗಕ್ಕೆ ಹೋಗಿ ನಿಂತು ನೋಡಬೇಕು. ಗೇಟಿನಿಂದಲೇ ಎಲ್ಲ ಕಂಡೆ ಎಂದಿದ್ದ ಕಾವಲುಗಾರ ನಿಂತ ಕಡೆಯಿಂದ ಹಾಜರಿ ಯಂತ್ರ ಕಾಣುತ್ತಲೇ ಇರಲಿಲ್ಲ.

3. ಏಟಿಗೆ ಮುಂಚಿನ ಹತ್ತು ನಿಮಿಷ ಹುಡುಕಬೇಕು. ಚಾರ್ಜ್‌ಶೀಟಿನಲ್ಲಿ ಇದ್ದದ್ದು ಗುದ್ದು ಮಾತ್ರ. ಮೂವತ್ತು ಜನ ಸಾಲಿನಲ್ಲಿದ್ದರೂ ಒಬ್ಬರೂ ಬಾಯಿ ಬಿಡಲಿಲ್ಲ. ಏಟು ತಿಂದವರೇ ಆ ವಿಭಾಗದ ಚೀಟಿ ನಡೆಸುತ್ತಿದ್ದರು, ಸಾಲಿನಲ್ಲಿದ್ದ ಬಹುತೇಕರ ದುಡ್ಡು ಅವರ ಕೈಯಲ್ಲಿತ್ತು. ಕೊನೆಗೆ ಹೇಳಿದ್ದು ಚೀಟಿಗೆ ಸೇರದ ಕ್ಯಾಂಟೀನಿನ ಹುಡುಗ. ಟರ್ನರ್ ಎರಡು ಕಂತು ಕಟ್ಟಿರಲಿಲ್ಲ. ಅದಕ್ಕೆ ಅವರ ತಾಯಿಯ ಹೆಸರೆತ್ತಿ, ಎಲ್ಲರೆದುರು, ಮತ್ತೆ ಮತ್ತೆ ಬೈಗುಳ. ಇದರಿಂದ ಗುದ್ದು ಸರಿಯಾಗುವುದಿಲ್ಲ. ಬೈದವರಿಗೆ ಬರೀ ಎಚ್ಚರಿಕೆ ಪತ್ರ ಕೊಟ್ಟರೆಂಬ ಯೂನಿಯನ್ನಿನ ವಾದವನ್ನೂ ನಾನು ಪೂರ್ತಿ ಒಪ್ಪಲಿಲ್ಲ, ಬಾಯಿ ಮಾಡಿದ್ದೂ ಕೈ ಮಾಡಿದ್ದೂ ಒಂದೇ ಅಲ್ಲ. ಆದರೆ ಹೊಂಚು ಹಾಕಿ ಹೊಡೆದವನಿಗೂ ಕೆರಳಿ ಕೈಯೆತ್ತಿದವನಿಗೂ ಒಂದೇ ಶಿಕ್ಷೆ ಕೊಡಲಾಗದು.

4. ಕೈಯಲ್ಲಿ ಏನಿತ್ತು, ಅದು ಎಲ್ಲಿಂದ ಬಂತು? ಇನ್ನೊಂದು ಪ್ರಕರಣದಲ್ಲಿ ಜಗಳ ಬಿಡಿಸಿದ ಮೇಲೆ ಒಬ್ಬ ಟೂಲ್ ರೂಮಿಗೆ ಹೋಗಿ, ಸ್ಪ್ಯಾನರ್ ತಂದು, ಬೆನ್ನು ತಿರುಗಿಸಿ ನಿಂತವನ ತಲೆಗೆ ಹೊಡೆದಿದ್ದ. ಅವನಿಗೆ ಮೂವರು ಹೆಣ್ಣುಮಕ್ಕಳು. ವಜಾ ಎತ್ತಿಹಿಡಿದೆ. ಆ ರಾತ್ರಿ ನಿದ್ದೆ ಬರಲಿಲ್ಲ, ಆದರೂ ಆ ತೀರ್ಪು ಸರಿಯೆಂದೇ ಇವತ್ತಿಗೂ ನಂಬಿದ್ದೇನೆ.

5. ಹಳೆಯ ತಪ್ಪುಗಳನ್ನು ಕೊನೆಗಳಿಗೆಯಲ್ಲಿ ತೂರಿಸಲು ಬಿಡಬಾರದು. ಶಿಕ್ಷೆಗೆ ಹಿಂದಿನ ದಾಖಲೆ ಆಧಾರವಾಗುವುದಾದರೆ ಅದನ್ನು ನೌಕರನಿಗೆ ಮೊದಲೇ ತಿಳಿಸಬೇಕೆಂದು ನಮ್ಮ ರಾಜ್ಯದಿಂದಲೇ ಹೋದ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಅದು ಸರ್ಕಾರಿ ನೌಕರನ ವಿಷಯ, ಆದರೆ ಅಲ್ಲಿನ ನ್ಯಾಯ ಕಾರ್ಖಾನೆಗೂ ಸಲ್ಲುತ್ತದೆ.

6. ವಜಾ ಅಥವಾ ಪೂರ್ತಿ ಹಿಂಬಾಕಿ ವೇತನದೊಂದಿಗೆ ವಾಪಸು, ಇವೆರಡೇ ದಾರಿಗಳೆಂದುಕೊಳ್ಳಬಾರದು. 1971ರ ಡಿಸೆಂಬರಿನಿಂದ ಜಾರಿಗೆ ಬಂದ, ಅದೇ ಕಾಯ್ದೆಯ 11ಎ ಕಲಮು ಶಿಕ್ಷೆ ತಗ್ಗಿಸುವ, ಷರತ್ತು ಹಾಕಿ ಕೆಲಸಕ್ಕೆ ಸೇರಿಸುವ ಅಧಿಕಾರ ಕೊಟ್ಟಿತು. ಅದು ಮಧ್ಯಸ್ಥಗಾರನಿಗೂ ಇದೆ ಎಂದದ್ದು ಸುಪ್ರೀಂ ಕೋರ್ಟಿನ ಗುಜರಾತ್ ಸ್ಟೀಲ್ ಟ್ಯೂಬ್ಸ್ ತೀರ್ಪು. ಟರ್ನರ್‌ಗೆ ಸೇವೆಯ ನಿರಂತರತೆ ಕೊಟ್ಟೆ, ಹಿಂಬಾಕಿ ಕೊಡಲಿಲ್ಲ, ಎರಡು ವಾರ್ಷಿಕ ವೇತನ ಬಡ್ತಿ ತಡೆದೆ.

7. ಏಟು ತಿಂದವರನ್ನು ಬರೀ ಸಾಕ್ಷಿಯಾಗಿ ನೋಡಬಾರದು. ಅವರೂ ಕಾರ್ಮಿಕರೇ, ನಾಳೆ ಅದೇ ಷೆಡ್ಡಿನಲ್ಲಿ ದುಡಿಯಬೇಕಾದವರು. ಇದನ್ನು ನಾನು ತಡವಾಗಿ ಕಲಿತೆ. ಸಾಕ್ಷ್ಯ ಮುಗಿದ ಮೇಲೆ 'ನಿಮಗೇನು ಬೇಕು?' ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. 'ಅವರು ವಾಪಸ್ ಬರೋದು ಬೇಡ ಅಂತ ಹೇಳಲ್ಲ ಸಾರ್. ನನ್ನ ಬೆನ್ನ ಹಿಂದಿನ ಮೆಷಿನ್ನಿಗೆ ಮಾತ್ರ ಹಾಕ್ಬೇಡಿ.'

ಟರ್ನರ್ ಯಾವ ಷೆಡ್ಡಿನಲ್ಲಿ, ಯಾವ ಶಿಫ್ಟಿನಲ್ಲಿ ಕೆಲಸ ಮಾಡಬೇಕೆಂಬುದನ್ನೂ ತೀರ್ಪಿನ ಷರತ್ತಾಗಿಯೇ ಬರೆದೆ.